ಒತ್ತಿಗೆ ಜಾಗ ಬಿಟ್ಟು ಶುರು ಮಾಡಿ: ಕನ್ನಡ ಅಕ್ಷರ ಬರೆಯೋಕೆ, ಫಾಂಟ್ ಮಾಡೋಕೆ ಹೊರಟವರಿಗೆ

ವಾರಕ್ಕೊಬ್ಬರಾದ್ರೂ ಮೆಸೇಜ್ ಮಾಡಿ ಕೇಳ್ತಾರೆ, ಅಕ್ಕ ನಾನೂ ಕನ್ನಡ ಫಾಂಟ್ ಮಾಡ್ಬೇಕು, ಯಾವ ಸಾಫ್ಟ್‌ವೇರ್ ತಗೋಬೇಕು, ಐಪ್ಯಾಡ್ ಬೇಕೇಬೇಕಾ ಅಂತ. ಒಬ್ಬೊಬ್ಬರಿಗೂ ಅದೇ ಉತ್ತರ ಟೈಪ್ ಮಾಡಿ ಮಾಡಿ ಬೆರಳು ನೋಯ್ತಾ ಇದೆ, ಅದಕ್ಕೆ ಒಂದೇ ಸಲ ಎಲ್ಲಾ ಬರೆದುಬಿಡೋಣ ಅಂತ ಕೂತಿದೀನಿ. ನಾನು ಮಂಡ್ಯ ಕಡೆಯವಳು, ಈಗ ಮೈಸೂರು ಕುವೆಂಪುನಗರದಲ್ಲಿ ಒಂದು ಮಹಡಿ ರೂಮಲ್ಲಿ ಇದೇ ಕೆಲಸ ಮಾಡ್ಕೊಂಡಿದೀನಿ, ಲೇಬಲ್ಲು, ಲೋಗೋ, ಪುಸ್ತಕದ ಮುಖಪುಟದ ಅಕ್ಷರ, ನಾಟಕದ ಪೋಸ್ಟರ್, ಮಧ್ಯೆ ಮಧ್ಯೆ ಫಾಂಟು. ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನನ್ನ ಮನೆ ಬಾಡಿಗೆ ಕಟ್ಟೋದು ಲೆಟರಿಂಗು, ಫಾಂಟಿಂದ ಬರೋದು ಚಿಲ್ಲರೆ.

ಎರಡಕ್ಕೂ ವ್ಯತ್ಯಾಸ ಇಷ್ಟೇ. ಲೆಟರಿಂಗ್ ಅಂದ್ರೆ ಒಂದು ಪದವನ್ನ ಆ ಒಂದು ಜಾಗಕ್ಕೆ ಅಂತಾನೇ ಬರೆಯೋದು, ‘ಬೆಲ್ಲ’ ಅಂತ ಬರೆದ್ರೆ ಅದು ಬೆಲ್ಲಕ್ಕೆ ಮಾತ್ರ, ಅದರ ‘ಬೆ’ ಕಿತ್ಕೊಂಡು ಹೋಗಿ ಬೆಣ್ಣೆಗೆ ಅಂಟಿಸೋಕಾಗಲ್ಲ. ಫಾಂಟಲ್ಲಿ ಯಾರು ಯಾವತ್ತು ಏನು ಟೈಪ್ ಮಾಡಿದ್ರೂ ಅಕ್ಷರಗಳು ಒಂದಕ್ಕೊಂದು ಒಗ್ಗಿ ಕೂರಬೇಕು, ನೀವು ಕನಸಲ್ಲೂ ಯೋಚನೆ ಮಾಡದೇ ಇರೋ ಪದ ಯಾರೋ ಟೈಪ್ ಮಾಡ್ತಾರೆ, ಅದೂ ಸರಿಯಾಗಿ ಬರ್ಬೇಕು. ಅದಕ್ಕೆ ಮೊದಲ ಆರೇಳು ತಿಂಗಳು ಬರೀ ಲೆಟರಿಂಗ್ ಮಾಡಿ ಅಂತ ನಾನು ಹೇಳೋದು. ಕೈ ಪಳಗುತ್ತೆ, ನಾಲ್ಕು ಕಾಸೂ ಬರುತ್ತೆ.

ಮೊದಲು ಬೀದಿ ಸುತ್ತಿ

ಫೋನಲ್ಲಿ ಪಿಂಟರೆಸ್ಟ್ ನೋಡೋದು ಬಿಟ್ಟು ಒಂದು ಭಾನುವಾರ ಬೆಳಗ್ಗೆ ಬೇಗ ಎದ್ದು ಮೈಸೂರಿನ ದೇವರಾಜ ಮಾರ್ಕೆಟ್ಟು, ಸಯ್ಯಾಜಿ ರಾವ್ ರಸ್ತೆ, ಅಶೋಕ ರಸ್ತೆ ಕಡೆ ನಡ್ಕೊಂಡು ಹೋಗಿ. ಅಂಗಡಿ ಶಟರ್ ಇನ್ನೂ ಎಳೆದಿರುತ್ತೆ, ಜನ ಅಡ್ಡ ಬರಲ್ಲ, ಬೋರ್ಡ್ ಫೋಟೋ ಆರಾಮಾಗಿ ಸಿಗುತ್ತೆ. ಫ್ಲೆಕ್ಸ್ ಬಿಟ್ಟುಬಿಡಿ, ಬ್ರಶ್ಶಲ್ಲಿ ಬರೆದಿರೋದು ಹುಡುಕಿ. ಬಟ್ಟೆ ಅಂಗಡಿ, ಆಯುರ್ವೇದದ ಅಂಗಡಿ, ಹಳೇ ಹೋಟೆಲ್ ಒಳಗಿನ ‘ಉಗುಳಬಾರದು’, ಗೂಡ್ಸ್ ಆಟೋ ಹಿಂದೆ ‘ತಾಯಿಯ ಆಶೀರ್ವಾದ’, ಇವೆಲ್ಲ ಪುಕ್ಕಟೆ ಪಾಠ. ಹಂಗಂತ ಚೆಂದ ನೋಡೋಕೆ ಹೋಗ್ಬೇಡಿ, ಕೆಳಗೆ ನೋಡಿ, ಒತ್ತು ಎಲ್ಲಿ ಕೂರಿಸಿದಾರೆ, ಜಾಗ ಸಾಲದೇ ಬಂದಾಗ ಏನ್ ಮಾಡಿದಾರೆ ಅನ್ನೋದನ್ನ ನೋಡಿ.

ಇದನ್ನ ನನಗೆ ಹೇಳ್ಕೊಟ್ಟಿದ್ದು ಮಂಡ್ಯದಲ್ಲಿ ನಮ್ಮ ಬೀದಿ ತುದೀಲಿ ಬೋರ್ಡ್ ಬರೀತಿದ್ದ ಒಬ್ಬರು ಅಣ್ಣ. ತಗಡಿಗೆ ಬಿಳೀ ಬಣ್ಣ ಹೊಡೆದು ಒಣಗಿಸಿ, ದಾರಕ್ಕೆ ಚಾಕ್‌ಪೀಸ್ ಉಜ್ಜಿ, ಒಂದು ತುದಿ ನಾನು ಹಿಡ್ಕೋಬೇಕು ಇನ್ನೊಂದು ತುದಿ ಅವರು, ಮಧ್ಯ ಎಳೆದು ಬಿಟ್ರೆ ಟಪ್ ಅಂತ ಗೆರೆ ಬೀಳೋದು. ಅಕ್ಷರದ ಗೆರೆಗಿಂತ ಮೊದಲು ಅವರು ಹೊಡೀತಿದ್ದಿದ್ದು ಕೆಳಗಿನ ಒತ್ತಿನ ಗೆರೆ. ಯಾಕಣ್ಣ ಅಂತ ಕೇಳಿದ್ದಕ್ಕೆ, “ಅಂಗ್ಡಿ ಹೆಸ್ರಲ್ಲಿ ಒತ್ತು ಏಟವ್ವೆ ಅಂತ ಎಣಿಸ್ಕೊಬೇಕು ಕಣವ್ವ ಮೊದ್ಲು. ಮ್ಯಾಲಿನ್ ಅಕ್ಸರ ಯಾರ್ ಬೇಕಾದ್ರೂ ಬರೀತಾರೆ. ಒತ್ತಿಗೆ ಜಾಗ ಮಡುಗ್ದೆ ಬರ್ದುಬುಟ್ಟು ಆಮೇಕೆ ಇಲಿಮರಿ ಥರ ಮೂಲೇಲಿ ತುರುಕ್ತಾರೆ” ಅಂದ್ರು. ನಾನು ಈ ಹತ್ತು ವರ್ಷದಲ್ಲಿ ಕಲ್ತಿದ್ದರಲ್ಲಿ ಅರ್ಧ ಆ ಒಂದು ಮಾತಲ್ಲೇ ಇದೆ.

ಶಾಸನಗಳನ್ನೂ ನೋಡಿ. ನಮ್ಮ ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಗೊತ್ತಲ್ಲ, ಹತ್ತನೇ ಶತಮಾನದ್ದು, ಕಾಳಿ ಅನ್ನೋ ನಾಯಿ ಕಾಡುಹಂದಿ ಜೊತೆ ಹೋರಾಡಿ ಸತ್ತಿದ್ದಕ್ಕೆ ಹಾಕಿಸಿದ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಬೆಂಗಳೂರಿಗೆ ಹೋಗೋಕಾಗದಿದ್ರೆ ಬಿ.ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು ಲೈಬ್ರರೀಲಿ ಸಿಗುತ್ತೆ. ಅದನ್ನ ನೋಡ್ಕೊಂಡು ಹಾಗೇ ಕಾಪಿ ಹೊಡೆದು ‘ಹಳಗನ್ನಡ ಸ್ಟೈಲ್’ ಅಂತ ಲೋಗೋ ಮಾಡ್ಬೇಡಿ ಅಷ್ಟೇ, ಓದೋರಿಗೆ ತಲೆಬುಡ ಗೊತ್ತಾಗಲ್ಲ.

ಸಾಮಾನು

ಹೆಚ್ಚೇನೂ ಬೇಡ. ಗ್ರಾಫ್ ಪುಸ್ತಕ, ಟ್ರೇಸಿಂಗ್ ಪೇಪರ್, ಹೆಚ್‌ಬಿ ಪೆನ್ಸಿಲ್ಲು, ರಬ್ಬರು, ಒಂದು ಚಪ್ಪಟೆ ಬ್ರಶ್ಶು, ಪೋಸ್ಟರ್ ಕಲರ್. ಎರಡು ಪೆನ್ಸಿಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ಜೋಡಿಸಿ ಹಿಡಿದ್ರೆ ದಪ್ಪ ಸಣ್ಣ ಎಲ್ಲಿ ಬರುತ್ತೆ ಅಂತ ತಾನಾಗೇ ಗೊತ್ತಾಗುತ್ತೆ. ಐಪ್ಯಾಡ್ ಇದ್ರೆ ಇರ್ಲಿ, ಇಲ್ಲಾಂದ್ರೆ ಅದಕ್ಕೆ ಅಂತ ಸಾಲ ಮಾಡ್ಬೇಡಿ.

ಗೆರೆ ಹಾಕೋದು

ಇಂಗ್ಲಿಷಿನ ಲೆಟರಿಂಗ್ ಪುಸ್ತಕ ನೋಡ್ಕೊಂಡು ನಾಲ್ಕು ಗೆರೆ ಹಾಕಿ ಶುರು ಮಾಡಿದ್ರೆ ಕನ್ನಡಕ್ಕೆ ಅದು ಹೊಂದಲ್ಲ. ನಾನು ಗ್ರಾಫ್ ಹಾಳೇಲಿ ಹಿಂಗೆ ಹಾಕ್ಕೋತೀನಿ: ಅಕ್ಷರದ ಮೈಗೆ ಹತ್ತು ಚೌಕ, ಅದರ ಮೇಲೆ ತಲಕಟ್ಟು, ಗುಡಿಸು, ಏತ್ವಕ್ಕೆ ನಾಲ್ಕು ಚೌಕ, ಕೆಳಗೆ ಒತ್ತಿಗೆ ಏಳು. ಅಂದ್ರೆ ಮೇಲಿಗಿಂತ ಕೆಳಗೆ ಜಾಸ್ತಿ. ಇದೇನು ಶಾಸ್ತ್ರ ಅಲ್ಲ, ನನ್ನ ಅಭ್ಯಾಸ, ನಿಮಗೆ ಆರು ಸಾಕಾದ್ರೆ ಆರು ಇಟ್ಕೊಳ್ಳಿ, ಆದರೆ ಗೆರೆ ಹಾಕದೇ ಮಾತ್ರ ಶುರು ಮಾಡ್ಬೇಡಿ. ‘ರಾಷ್ಟ್ರ’, ‘ಶಾಸ್ತ್ರ’ ಥರ ಎರಡು ಒತ್ತು ಬಂದಾಗ ಎರಡನೇದನ್ನ ಅದರ ಕೆಳಗೆ ಇಳಿಸಿದ್ರೆ ಮುಂದಿನ ಸಾಲಿಗೆ ಹೋಗಿ ಡಿಕ್ಕಿ ಹೊಡೆಯುತ್ತೆ, ಪಕ್ಕಕ್ಕೆ ಸರಿಸಿದ್ರೆ ಮುಂದಿನ ಅಕ್ಷರದ ಕಾಲು ತುಳಿಯುತ್ತೆ. ನಾನು ಪಕ್ಕಕ್ಕೇ ಸರಿಸೋದು, ಮುಂದಿನ ಅಕ್ಷರವನ್ನ ಒಂಚೂರು ಆಚೆ ತಳ್ತೀನಿ.

ಇನ್ನೊಂದು, ಒತ್ತಕ್ಷರ ಸಣ್ಣದು ಅಂತ ದೊಡ್ಡ ಅಕ್ಷರವನ್ನೇ ಕುಗ್ಗಿಸಿ ಕೆಳಗಿಡ್ತಾರೆ ಹೊಸಬರು. ‘ಕ್ಕ’, ‘ಪ್ಪ’, ‘ದ್ದ’ ಇವುಗಳ ಒತ್ತು ನೋಡೋಕೆ ತಲಕಟ್ಟು ತೆಗೆದ ಚಿಕ್ಕ ಅಕ್ಷರವೇ, ನಿಜ. ಆದರೆ ಶೇ. 60ಕ್ಕೆ ಕುಗ್ಗಿಸಿದ್ರೆ ಗೆರೆ ದಪ್ಪಾನೂ ಶೇ. 60 ಆಗುತ್ತೆ, ಮೇಲೆ ಪೈಲ್ವಾನ್ ಕೆಳಗೆ ಹಸಿದ ಮಗು ಥರ ಕಾಣುತ್ತೆ. ಗಾತ್ರ ಸಣ್ಣ ಮಾಡಿ, ಗೆರೆ ದಪ್ಪ ಹೆಚ್ಚುಕಮ್ಮಿ ಹಾಗೇ ಉಳಿಸ್ಕೊಂಡು ಮತ್ತೆ ಬರೀರಿ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ಬೇರೇನೇ ಆಕಾರ, ಇವೇ ಕನ್ನಡದಲ್ಲಿ ಹೆಚ್ಚು ಬರೋದು, ಅದಕ್ಕೆ ಇವಕ್ಕೆ ಹೆಚ್ಚು ದಿನ ಕೊಡಿ.

ಅ ಆ ಇ ಈ ಇಂದ ಶುರು ಮಾಡ್ಬೇಡಿ

ಎಲ್ಲರೂ ‘ಅ’ ಇಂದ ಶುರು ಮಾಡ್ತಾರೆ, ಒಂದನೇ ಕ್ಲಾಸಲ್ಲಿ ಹಂಗೇ ಕಲ್ತಿರ್ತೀವಲ್ಲ. ಆದರೆ ಬಿಡಿ ಸ್ವರಗಳು ಬರೋದು ಹೆಚ್ಚಾಗಿ ಪದದ ಶುರುವಲ್ಲಿ ಮಾತ್ರ, ಒಂದು ಪುಟ ತೆಗೆದು ಎಣಿಸಿ ನೋಡಿ ಬೇಕಾದ್ರೆ. ಮೇಲಾಗಿ ‘ಅ’, ‘ಈ’, ‘ಋ’ ಇವೆಲ್ಲ ಯಾರ ಜೊತೆಗೂ ಸೇರದ ಒಂಟಿ ಆಕಾರಗಳು, ಅವನ್ನ ಬರೆದ್ರೆ ಬೇರೆ ಅಕ್ಷರಕ್ಕೆ ದಾರಿ ಸಿಗಲ್ಲ.

ನಾನು ಶುರು ಮಾಡೋದು ‘ಕರಿ ಕಲ್ಲಿನ ನವಿಲು’ ಅಂತ ಬರೆದು. ಕ, ರ, ಲ, ನ, ವ ಐದು ವ್ಯಂಜನ, ಗುಡಿಸು, ಕೊಂಬು, ಒಂದು ಒತ್ತು, ತಲಕಟ್ಟು ಇರೋ ಅಕ್ಷರ, ಇಲ್ಲದ ಅಕ್ಷರ, ಎಲ್ಲಾ ಬಂದೋಯ್ತು. ಇಷ್ಟು ಕೂತ್ಕೊಂಡ್ರೆ ಫಾಂಟಿನ ಸ್ವಭಾವ ಏನು ಅಂತ ಗೊತ್ತಾಗುತ್ತೆ. ಆಮೇಲೆ ಸಂಬಂಧಿಕರನ್ನ ಕರೀರಿ. ‘ರ’ ಆದ್ರೆ ಅದರ ಹಿಂದೆ ಠ, ದ, ಧ, ಥ ಬರುತ್ತೆ, ‘ವ’ ಆದ್ರೆ ಪ, ಫ, ಷ, ಮ ಬರುತ್ತೆ, ‘ಬ’ ಆದ್ರೆ ಭ. ಖ, ಙ, ಜ, ಞ, ಟ, ಣ, ಬ, ಲ ಇವಕ್ಕೆ ತಲಕಟ್ಟು ಇಲ್ಲ, ಅದಕ್ಕೆ ಇವು ಅಕ್ಕಪಕ್ಕ ಬಂದ್ರೆ ಪದದ ತಲೆ ಬೋಳು ಬೋಳಾಗಿ ಕಾಣುತ್ತೆ, ಇವುಗಳ ಮೈ ಎತ್ತರವನ್ನ ಕೂದಲೆಳೆಯಷ್ಟು ಜಾಸ್ತಿ ಮಾಡಿದ್ರೆ ಕಣ್ಣಿಗೆ ಸಮ ಅನ್ಸುತ್ತೆ.

ಇಲ್ಲಿ ಎರಡು ಕಡೆ ಎಡವದೇ ಇರೋರನ್ನ ನಾನು ನೋಡೇ ಇಲ್ಲ.

ಒಂದು, ‘ವು’ ಮತ್ತು ‘ಮ’. ‘ವ’ಗೆ ಎಲ್ಲಾ ಅಕ್ಷರಕ್ಕೂ ಹಾಕೋ ಹಾಗೇ ಪಕ್ಕದಲ್ಲಿ ಕೊಂಬು ಹಾಕಿದ್ರೆ ಅದು ‘ಮ’ ಆಗ್ಬಿಡುತ್ತೆ. ಅದಕ್ಕೇ ‘ವು’, ‘ಪು’ಗಳಲ್ಲಿ ಕೊಂಬು ಕೆಳಕ್ಕೆ ಇಳಿಯೋದು. ಸ್ಟೈಲ್ ಮಾಡೋಕೆ ಹೋಗಿ ಆ ಕೊಂಬನ್ನ ಮೇಲೆತ್ತಿದ್ರೆ ‘ಹೂವು’ ಹೋಗಿ ‘ಹೂಮ’ ಆಗುತ್ತೆ. ದೇವರಾಜ ಮಾರ್ಕೆಟ್ಟಲ್ಲಿ ಹೂವಿನ ಅಂಗಡಿ ಬೋರ್ಡ್ ಬರೆಯೋ ಕೆಲಸ ಸಿಕ್ಕಿದ್ರೆ ನೆನಪಿರ್ಲಿ.

ಎರಡನೇದು ಹೊಟ್ಟೆ ಸೀಳೋದು. ಧ, ಥ, ಢ, ಫ, ಭ ಇವುಗಳ ಕೆಳಗಿನ ಸೀಳು ನೀವು ದೊಡ್ಡದಾಗಿ ಬರೆದಾಗ ಚೆನ್ನಾಗೇ ಕಾಣುತ್ತೆ, ಅದೇ ವಿಸಿಟಿಂಗ್ ಕಾರ್ಡ್ ಸೈಜಿಗೆ ಬಂದಾಗ ಇಂಕ್ ತುಂಬ್ಕೊಂಡು ಮುಚ್ಚೋಗುತ್ತೆ. ಒಂದು ಫೈನಾನ್ಸ್‌ನವರಿಗೆ ನಾನು ದಪ್ಪ ಅಕ್ಷರದಲ್ಲಿ ‘ಧನಲಕ್ಷ್ಮಿ’ ಅಂತ ಬರೆದುಕೊಟ್ಟಿದ್ದೆ, ಕಾರ್ಡಲ್ಲಿ ಪ್ರಿಂಟಾಗಿ ಬಂದಾಗ ‘ದನಲಕ್ಷ್ಮಿ’ ಆಗಿತ್ತು. ಅವರು ನಗ್ತಾ ಹೇಳಿದ್ರು ಸದ್ಯ, ನನಗೆ ಮಾತ್ರ ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಅವತ್ತಿಂದ ಏನೇ ಬರೆದ್ರೂ ಒಂದು ಸೆಂಟಿಮೀಟರ್ ಅಗಲಕ್ಕೆ ಪ್ರಿಂಟ್ ತೆಗೆದು ನೋಡದೇ ಯಾರಿಗೂ ಕಳ್ಸಲ್ಲ.

ಒಂದು ಪದ, ಹತ್ತಿರದಿಂದ

ಪಾಂಡವಪುರದ ಹತ್ರ ಆಲೆಮನೆ ಇಟ್ಟಿರೋ ಒಬ್ಬರು ಅಣ್ಣ ಅಚ್ಚುಬೆಲ್ಲವನ್ನ ಪ್ಯಾಕೆಟ್ ಮಾಡಿ ಮಾರ್ತೀನಿ ಅಂತ ಬಂದ್ರು, ‘ಬೆಲ್ಲ’ ಅಂತ ಒಂದೇ ಪದ ದೊಡ್ಡದಾಗಿ ಬೇಕು ಅಂದ್ರು. ಅಚ್ಚಿನ ಬೆಲ್ಲಕ್ಕೆ ಅಚ್ಚಿನ ಕೆಲಸದವಳು, ಸರಿಯಾದ ಜೋಡಿ ಅಂತ ಖುಷಿಯಾಗಿ ಒಪ್ಕೊಂಡೆ.

ಎರಡೇ ಅಕ್ಷರ ಅಂತ ಸಲೀಸು ಅನ್ನಿಸ್ತು, ಅಲ್ಲ. ಬ, ಲ ಎರಡಕ್ಕೂ ತಲಕಟ್ಟಿಲ್ಲ, ಮೇಲೆ ಎಡಗಡೆ ಏತ್ವ ಒಂದೇ ಎದ್ದು ನಿಂತಿರುತ್ತೆ, ಕೆಳಗೆ ಬಲಗಡೆ ಒತ್ತು ಒಂದೇ ಜೋತು ಬಿದ್ದಿರುತ್ತೆ, ಹಂಗಾಗಿ ಪದ ಎಡಕ್ಕೆ ಎತ್ತಿ ಬಲಕ್ಕೆ ಇಳಿದ ತಕ್ಕಡಿ ಥರ ವಾಲುತ್ತೆ. ಮೊದಲ ದಿನ ಬರೀ ಪೆನ್ಸಿಲಲ್ಲಿ ಬೆರಳುಗಾತ್ರದ ಇಪ್ಪತ್ತು ಇಪ್ಪತ್ತೈದು ಸ್ಕೆಚ್ ಮಾಡ್ದೆ, ಡೀಟೇಲ್ ಏನಿಲ್ಲ, ಬರೀ ಆಕಾರ. ಅದರಲ್ಲಿ ಮೂರು ಆರಿಸಿ ಟ್ರೇಸಿಂಗ್ ಪೇಪರಲ್ಲಿ ದೊಡ್ಡದು ಮಾಡ್ದೆ. ಒಂದರಲ್ಲಿ ಲ ಒತ್ತಿನ ಬಾಲವನ್ನ ಎಡಕ್ಕೆ ಎಳೆದು ‘ಬೆ’ ಕೆಳಗೆ ತನಕ ತಂದು ಕೊಪ್ಪರಿಗೆ ಥರ ಬಾಗಿಸಿದ್ದೆ, ಎರಡೂ ಅಕ್ಷರ ಕೊಪ್ಪರಿಗೆಯಲ್ಲಿ ಕುದೀತಿರೋ ಹಾಗೆ. ಅದೇ ನನಗೆ ಭಾರೀ ಇಷ್ಟ ಆಗಿ, ಬಾಲದ ತುದೀಲಿ ಇನ್ನೊಂದು ಸುರುಳಿ, ಅದರ ಮೇಲೊಂದು ಸುರುಳಿ ಅಂತ ಸುತ್ತಿ ಸುತ್ತಿ ಇಟ್ಟೆ. ಆ ಅಣ್ಣನ ತಾಯಿ ನೋಡಿ, “ಏನವ್ವ ಇದು, ಬೆಳ್ಳ ಅಂತ ಬರ್ದಿದ್ದೀಯಲ್ಲ” ಅಂದ್ರು.

ಸರಿಯಾಗೇ ಹೇಳಿದ್ರು. ಸುರುಳಿ ಜಾಸ್ತಿ ಆಗಿ ಲ ಒತ್ತು ಹೋಗಿ ಳ ಒತ್ತಿನ ಹಾಗೆ ಕಾಣ್ತಿತ್ತು. ಸುರುಳಿ ಎರಡೂ ಕಿತ್ತುಹಾಕಿ ಬಾಲ ಮಾತ್ರ ಉಳಿಸ್ಕೊಂಡೆ, ಬಾಲ ಎಡಕ್ಕೆ ಹೋಗ್ತಾ ಹೋಗ್ತಾ ಸಣ್ಣ ಆಗೋ ಬದಲು ಮಧ್ಯ ದಪ್ಪ ಮಾಡ್ದೆ, ವಾಲೋದೂ ನಿಂತುಹೋಯ್ತು. ಅವತ್ತಿಂದ ಪ್ರತಿ ಕೆಲಸಾನೂ ನಾನೇನು ಬರೆದಿದೀನಿ ಅಂತ ಗೊತ್ತಿಲ್ಲದ ಒಬ್ಬರಿಗೆ ತೋರಿಸ್ತೀನಿ, ‘ಹೇಗಿದೆ’ ಅಂತ ಕೇಳಲ್ಲ, ‘ಏನ್ ಬರೆದಿದೆ’ ಅಂತ ಕೇಳ್ತೀನಿ. ಹಾಲು ಹಾಕೋ ಹುಡುಗ, ಕೆಳಗಿನ ಮನೆ ಆಂಟಿ, ಯಾರಾದ್ರೂ ಸರಿ, ಡಿಸೈನರ್ ಫ್ರೆಂಡ್ಸ್ ಬೇಡ.

ಕಂಪ್ಯೂಟರಿಗೆ ತರೋದು

ಸ್ಕ್ಯಾನ್ 600 ಡಿಪಿಐ ಮಾಡಿ, ಇಂಕ್‌ಸ್ಕೇಪ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರಿಗೆ ತನ್ನಿ, ಅದು ಫ್ರೀ. ಆಟೋ ಟ್ರೇಸ್ ಬಟನ್ ಒತ್ತೋಕೆ ಕೈ ತುರಿಸುತ್ತೆ, ಒತ್ಬೇಡಿ, ಒಂದು ‘ಕ’ಗೆ ನೂರಾರು ನೋಡ್ (ಗೆರೆಯನ್ನ ಹಿಡಿದಿಡೋ ಚುಕ್ಕಿ) ಹಾಕಿ ಕೊಡುತ್ತೆ, ಆಮೇಲೆ ತಿದ್ದೋಕಾಗಲ್ಲ. ಮೇಲೆ, ಕೆಳಗೆ, ಎಡ, ಬಲ ಬಾಗು ಎಲ್ಲಿ ತಿರುಗುತ್ತೋ ಅಲ್ಲಿ ಒಂದೊಂದೇ ನೋಡ್ ಇಟ್ಟು ಕೈಯಲ್ಲೇ ಎಳೀರಿ. ಕನ್ನಡ ಅಕ್ಷರ ಗುಂಡಗಿರೋದ್ರಿಂದ ನೋಡ್ ಎಷ್ಟು ಕಮ್ಮಿಯೋ ಅಷ್ಟು ನುಣುಪು. ಲೆಟರಿಂಗ್ ಕೆಲಸ ಇಲ್ಲಿಗೆ ಮುಗೀತು.

ಫಾಂಟಿಗೆ ಬಂದ್ರೆ ಫಾಂಟ್‌ಫೋರ್ಜ್ ಅನ್ನೋ ಸಾಫ್ಟ್‌ವೇರ್ ಫ್ರೀ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತೆ, ನೋಡೋಕೆ ಹಳೇ ಕಾಲದ ರೇಡಿಯೋ ಥರ ಇದೆ ಆದರೆ ಕೆಲಸ ಆಗುತ್ತೆ. ಗ್ಲಿಫ್ಸ್ ಅನ್ನೋದು ಮ್ಯಾಕಲ್ಲಿ ಮಾತ್ರ, ದುಡ್ಡು ಕೊಡ್ಬೇಕು, ಕೆಲಸ ಬೇಗ ಆಗುತ್ತೆ. ಮೊದಲ ಫಾಂಟಿಗೆ ಫಾಂಟ್‌ಫೋರ್ಜೇ ಸಾಕು.

ಎಷ್ಟು ಆಕಾರ ಬರೀಬೇಕು ಅಂತ ಎಲ್ಲರೂ ಕೇಳ್ತಾರೆ. ವರ್ಣಮಾಲೆ 49 ಅಂತ 49 ಬರೆದ್ರೆ ಮುಗೀತು ಅಂದ್ಕೊಂಡು ಕೂತ್ಕೊಂಡಿದ್ದೆ ನಾನೂ. ವ್ಯಂಜನ 34 ಇದೆಯಲ್ಲ, ಒಂದೊಂದಕ್ಕೂ ಪೂರ್ತಿ ಅಕ್ಷರ, ತಲಕಟ್ಟು ತೆಗೆದಿದ್ದು (ಇಳಿ, ಏತ್ವ ಎಲ್ಲಾ ಅಂಟಿಸೋಕೆ), ಗುಡಿಸು ಸೇರಿರೋದು, ಒತ್ತು, ಹಿಂಗೆ ನಾಲ್ಕು ಅಂದ್ರೂ 136. ಅದಕ್ಕೆ ಸ್ವರಗಳು, ಕೊಂಬು, ಕೊಂಬಿನ ಇಳಿ, ವಟ್ರುಸುಳಿ, ಐತ್ವದ ಕೆಳಗಿನ ಭಾಗ, ಔತ್ವ, ಸೊನ್ನೆ, ವಿಸರ್ಗ, ಅರ್ಕಾವತ್ತು, ಕ್ಷ, ಜ್ಞ, ಆಮೇಲೆ ‘ಮೊ’, ‘ಯೊ’ ಥರ ಹಠಮಾರಿಗಳು, ಕನ್ನಡ ಅಂಕಿ, ಇಂಗ್ಲಿಷ್ ಅಂಕಿ, ಚಿಹ್ನೆಗಳು, ರೂಪಾಯಿ ಗುರುತು. ಅಚ್ಚುಕಟ್ಟಾಗಿ ಮಾಡಿದ್ರೆ ಮುನ್ನೂರು ದಾಟುತ್ತೆ. ಹಳಗನ್ನಡದ ಱ, ೞ ಎರಡೂ ಹಾಕಿ, ಹಳಗನ್ನಡ ಮೇಷ್ಟ್ರುಗಳು ನಿಮ್ಮನ್ನ ಹರಸ್ತಾರೆ. ತಮಾಷೆ ಏನಂದ್ರೆ ಯೂನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರಗಳ ಪಟ್ಟಿ) ಒಳಗೆ ೞ ಅಕ್ಷರದ ಹೆಸರು ತಪ್ಪಾಗಿ ‘ಫ’ ಅಂತ ಸೇರ್ಕೊಂಡುಬಿಟ್ಟಿದೆ, ಒಂದ್ಸಲ ಕೊಟ್ಟ ಹೆಸರು ಬದಲಾಯಿಸಲ್ಲ ಅನ್ನೋದು ಅವರ ನಿಯಮ, ಹಂಗಾಗಿ ಹಂಗೇ ಇದೆ. ಅಲ್ಲಿ ಹೆಸರು ನೋಡಿ ನೀವು ಫ ಬರೆದು ಇಟ್ಟುಬಿಡ್ಬೇಡಿ.

ಫಾಂಟಲ್ಲಿ ಅಕ್ಷರ ಕೂರಿಸೋ ಕ್ಯಾನ್ವಾಸ್ (ಎಮ್ ಸೈಜ್) 1000 ಯೂನಿಟ್ ಇಟ್ಕೊಳ್ಳಿ. ಗ್ರಾಫ್ ಹಾಳೇಲಿ ಕೆಳಗೆ ಬಿಟ್ಟ ಜಾಗ ಇಲ್ಲೂ ಬಿಡ್ಬೇಕು, ಫಾಂಟ್ ಇನ್ಫೋದಲ್ಲಿ ‘ವಿನ್ ಡಿಸೆಂಟ್’ ಅಂತ ಒಂದು ನಂಬರ್ ಇರುತ್ತೆ, ಅದು ನಿಮ್ಮ ಅತಿ ಉದ್ದದ ಒತ್ತಿಗಿಂತ ಕಮ್ಮಿ ಇದ್ರೆ ವಿಂಡೋಸಲ್ಲಿ ಒತ್ತಿನ ಪಾದ ಕತ್ತರಿಸಿಹೋಗುತ್ತೆ.

ಈಗ ಎಲ್ಲರೂ ಹೆದರೋ ಭಾಗ. ಆಕಾರ ಬರೆದಿಟ್ಟ ತಕ್ಷಣ ಒತ್ತು ತಾನಾಗೇ ಬರಲ್ಲ. ಯಾರಾದ್ರೂ ಲ, ಅರ್ಧಾಕ್ಷರದ ಚಿಹ್ನೆ, ಲ ಅಂತ ಟೈಪ್ ಮಾಡಿದಾಗ ಎರಡನೇ ಲ ಜಾಗದಲ್ಲಿ ಒತ್ತಿನ ಆಕಾರ ತಂದಿಡು ಅಂತ ಫಾಂಟ್ ಒಳಗೆ ನಿಯಮ ಬರೀಬೇಕು. ಇವಕ್ಕೆ ಓಪನ್‌ಟೈಪ್ ಫೀಚರ್ ಅಂತಾರೆ. ಒತ್ತಿಗೆ ಒಂದು ಫೀಚರ್, ಅರ್ಕಾವತ್ತಿಗೆ ಒಂದು, ಗುಡಿಸು ಸೇರಿಸೋಕೆ ಒಂದು, ಯಾವುದು ಮೊದಲು ಯಾವುದು ಆಮೇಲೆ ಅನ್ನೋ ಕ್ರಮಾನೂ ಇದೆ. ಸ್ಕ್ರಿಪ್ಟ್ ಟ್ಯಾಗ್ (ಇದು ಯಾವ ಲಿಪಿ ಅಂತ ಹೇಳೋ ಗುರುತು) ಕೇಳಿದಾಗ ಹೊಸದಾದ ‘knd2’ ಹಾಕಿ, ಹಳೇದು ‘knda’. ಓದಿ ಕಲಿಯೋದಕ್ಕಿಂತ ಬಿಚ್ಚಿ ನೋಡಿ ಕಲಿಯೋದು ಸುಲಭ: ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ ಇವೆಲ್ಲ ಮುಕ್ತ ಲೈಸೆನ್ಸಲ್ಲಿ ಸಿಗೋ ಫಾಂಟ್‌ಗಳು, ಡೌನ್‌ಲೋಡ್ ಮಾಡಿ ಫಾಂಟ್‌ಫೋರ್ಜಲ್ಲಿ ತೆರೆದು ‘ಲ್ಲ’ ಎಲ್ಲಿಂದ ಹುಟ್ಟುತ್ತೆ ಅಂತ ಹಿಂದೆ ಹಿಂದೆ ಹೋಗಿ. ನಾನು ಸ್ಕೂಟಿ ರಿಪೇರಿ ಕಲ್ತಿದ್ದೂ ಹಿಂಗೇ, ಒಂದು ಸ್ಕ್ರೂ ಮಿಕ್ಕಿತ್ತು ಅಷ್ಟೇ.

ಕಾಣದ ಅಕ್ಷರಗಳನ್ನೂ ಮರೀಬೇಡಿ. ‘ರಾಜ್‌ಕುಮಾರ್’ ಅಂತ ಬರೀಬೇಕಾದ್ರೆ ಜ್ ಆದಮೇಲೆ ಕಣ್ಣಿಗೆ ಕಾಣದ ಒಂದು ಕೋಡ್ ಹಾಕ್ಬೇಕು, ಇಲ್ಲಾಂದ್ರೆ ‘ರಾಜ್ಕುಮಾರ್’ ಅಂತ ಕ ಒತ್ತಾಗಿ ಕೆಳಗಿಳಿಯುತ್ತೆ. ‘ರ‍್ಯಾಂಕ್’ ಕೂಡ ಹಂಗೇ, ರ ಆದಮೇಲೆ ಇನ್ನೊಂದು ಥರದ ಕಾಣದ ಕೋಡ್ ಬರ್ಬೇಕು, ಇಲ್ಲದಿದ್ರೆ ಅರ್ಕಾವತ್ತು ಬಂದು ‘ರ್ಯಾಂಕ್’ ಆಗುತ್ತೆ. ಈ ಎರಡೂ ಕೋಡಿಗೆ ನಿಮ್ಮ ಫಾಂಟಲ್ಲಿ ಅಗಲವೇ ಇಲ್ಲದ ಖಾಲಿ ಗ್ಲಿಫ್ (ಅಂದ್ರೆ ಅಕ್ಷರದ ಆಕಾರ ಕೂರೋ ಮನೆ) ಇಡಿ. ನಾನು ಮೊದಲ ಫಾಂಟಲ್ಲಿ ಇಟ್ಟಿರ್ಲಿಲ್ಲ, ಕೆಲವು ಕಡೆ ಅಣ್ಣಾವ್ರ ಹೆಸರಿನ ಮಧ್ಯ ಚೌಕದ ಡಬ್ಬಿ ಬರ್ತಿತ್ತು. ಮಂಡ್ಯದಲ್ಲಿ ಅದನ್ನ ತೋರಿಸಿ ನಾನು ಬದುಕಿ ಬರೋದುಂಟಾ.

ಪರೀಕ್ಷೆಗೆ ನಾನು ಇಟ್ಕೊಂಡಿರೋದು ಬಸ್‌ಸ್ಟ್ಯಾಂಡ್ ಬೋರ್ಡು: ಮಂಡ್ಯ, ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜಪೇಟೆ. ಜಿಲ್ಲೆಯ ಏಳೂ ತಾಲ್ಲೂಕು ಸೇರಿದ್ರೆ ಸೊನ್ನೆ, ಯ ಒತ್ತು, ದ ಒತ್ತು, ವಟ್ರುಸುಳಿ, ಷ್ಣ, ಶ್ರೀ, ‘ಪು’ ಎಲ್ಲಾ ಬಂತು. ಮೇಲೆ ‘ಮೈಸೂರು’ ಸೇರಿಸಿದ್ರೆ ಐತ್ವ ಬಂತು. ಆಮೇಲೆ ಸ್ತ್ರೀ, ಲಕ್ಷ್ಮಿ, ಜ್ಞಾನ, ಸೂರ್ಯ, ಧೈರ್ಯ, ಸ್ವಾತಂತ್ರ್ಯ. ಕ್ರೋಮಲ್ಲಿ, ಆಂಡ್ರಾಯ್ಡ್ ಫೋನಲ್ಲಿ, ವಿಂಡೋಸ್‌ನ ವರ್ಡಲ್ಲಿ, ಯಾರದ್ದಾದ್ರೂ ಐಫೋನಲ್ಲಿ ಬೇರೆ ಬೇರೆಯಾಗಿ ನೋಡಿ, ಯಾಕಂದ್ರೆ ಅಕ್ಷರ ಜೋಡಿಸೋ ಎಂಜಿನ್ ಎಲ್ಲದರಲ್ಲೂ ಒಂದೇ ಅಲ್ಲ, ಒಂದು ಕಡೆ ಸರಿ ಇದ್ರೆ ಎಲ್ಲಾ ಕಡೆ ಸರಿ ಅಂತಲ್ಲ.

ಪ್ರೆಸ್ಸಿಗೆ ಕಳ್ಸೋವಾಗ

ಇದನ್ನ ದುಡ್ಡು ಕಳ್ಕೊಂಡು ಕಲ್ತಿದ್ದು. ಒಂದು ಮದುವೆ ಕಾರ್ಡಿಗೆ ನನ್ನ ಫಾಂಟಲ್ಲೇ ಪೂರ್ತಿ ಮ್ಯಾಟರ್ ಕೂರಿಸಿ, ಫಾಂಟ್ ಫೈಲು ಮತ್ತೆ ಓಪನ್ ಫೈಲು (ತಿದ್ದೋಕಾಗೋ ಮೂಲ ಫೈಲು) ಎರಡೂ ಪ್ರೆಸ್ಸಿಗೆ ಕೊಟ್ಟೆ. ಅವರ ಕಂಪ್ಯೂಟರಲ್ಲಿ ಭಾರತೀಯ ಲಿಪಿ ಜೋಡಿಸೋ ಸೆಟ್ಟಿಂಗ್ ಆನ್ ಇರ್ಲಿಲ್ಲ, ಒತ್ತೆಲ್ಲ ಬಿಚ್ಕೊಂಡು ‘ಲಕ್ಷ್ಮಿ’ ಹೋಗಿ ಅರ್ಧಾಕ್ಷರಗಳ ಸರಪಳಿ ಆಗಿತ್ತು. ಪ್ರೂಫ್ ನೋಡಿದವರಿಗೆ ಕಾಣ್ಲಿಲ್ಲವೋ ನೋಡ್ಲೇ ಇಲ್ಲವೋ, 400 ಕಾರ್ಡ್ ಅಚ್ಚಾಗೋಯ್ತು. ಮರುಪ್ರಿಂಟಿನ ಅರ್ಧ ಖರ್ಚು ನಾನೇ ಹಾಕ್ದೆ. ಅದಕ್ಕೆ ಈಗ ಕಳ್ಸೋದು ಅಕ್ಷರವನ್ನೆಲ್ಲ ಔಟ್‌ಲೈನ್‌ಗೆ (ಫಾಂಟ್ ಬೇಡದ ಬರೀ ಆಕಾರಕ್ಕೆ) ಬದಲಾಯಿಸಿದ ಪಿಡಿಎಫ್ ಮಾತ್ರ, ಜೊತೆಗೆ ಹೇಗೆ ಕಾಣ್ಬೇಕು ಅನ್ನೋದಕ್ಕೆ ಒಂದು ಜೆಪೆಗ್. ನೀವೇ ಇನ್‌ಡಿಸೈನ್ ಅನ್ನೋ ಪುಟ ಕಟ್ಟೋ ಸಾಫ್ಟ್‌ವೇರಲ್ಲಿ ಕೆಲಸ ಮಾಡೋದಾದ್ರೆ ಪ್ಯಾರಾಗ್ರಾಫ್ ಕಂಪೋಸರ್ ‘ವರ್ಲ್ಡ್-ರೆಡಿ’ ಇದೆಯಾ ನೋಡ್ಕೊಳ್ಳಿ.

ಇನ್ನೊಂದು ತಲೆನೋವು, ನಮ್ಮ ಕಡೆ ಎಷ್ಟೋ ಪ್ರೆಸ್ಸಲ್ಲಿ ಈಗಲೂ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟು, ಯೂನಿಕೋಡ್ ಅಲ್ಲದ್ದು. ಅದರಲ್ಲಿ ಟೈಪ್ ಮಾಡಿದ್ದನ್ನ ನಿಮ್ಮ ಫಾಂಟಿಗೆ ಹಾಕಿದ್ರೆ ಇಂಗ್ಲಿಷ್ ಅಕ್ಷರದ ಕಸ ಬರುತ್ತೆ. ಮೊದಲು ಯೂನಿಕೋಡ್‌ಗೆ ಕನ್ವರ್ಟ್ ಮಾಡಿ, ಆಮೇಲೆ ಒಂದ್ಸಲ ಕೂತು ಓದಿ, ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿಸ್ಕೊಂಡಿರುತ್ತೆ.

ದುಡ್ಡಿನ ವಿಷಯ

ನನ್ನ ಮೊದಲ ಲೇಬಲ್‌ಗೆ ತಗೊಂಡಿದ್ದು 1,500 ರೂಪಾಯಿ, ಆರು ಸಲ ತಿದ್ದಿಕೊಟ್ಟೆ, ಲೆಕ್ಕ ಹಾಕಿದ್ರೆ ಕೂಲಿಗಿಂತ ಕಡೆ. ಈಗ ಶುರುವಲ್ಲೇ ಬರೆದು ಕಳ್ಸ್ತೀನಿ: ಅರ್ಧ ಅಡ್ವಾನ್ಸು, ಮೂರು ಸ್ಕೆಚ್ಚು, ಎರಡು ಸಲ ತಿದ್ದುಪಡಿ, ಮೂರನೇದಕ್ಕೆ ಬೇರೆ ದುಡ್ಡು, ಯಾವ ಯಾವ ಕಡೆ ಬಳಸ್ತೀರಿ (ಪ್ಯಾಕೆಟ್ ಮಾತ್ರನಾ, ವ್ಯಾನು, ಬೋರ್ಡು, ಜಾಹೀರಾತೂ ಸೇರಿನಾ). ನಮ್ಮ ಊರಲ್ಲಿ ಇದನ್ನ ಕೇಳೋಕೆ ಸಂಕೋಚ, ಗುರುತಿನವರೇ ಬರೋದು, “ಏನವ್ವ ನಾಲ್ಕಕ್ಷರಕ್ಕೆ ಇಷ್ಟಾ” ಅಂತಾರೆ. ನಾನು ಸ್ಕೆಚ್ ಪುಸ್ತಕ ತೆಗೆದು ಇಪ್ಪತ್ತೈದು ‘ಬೆಲ್ಲ’ ಇರೋ ಪುಟ ತೋರಿಸ್ತೀನಿ, ಆಮೇಲೆ ಚೌಕಾಸಿ ಸ್ವಲ್ಪ ಮೆತ್ತಗಾಗುತ್ತೆ. ಕಂಪನಿಯವರಾದ್ರೆ ಟಿಡಿಎಸ್ ಹಿಡ್ಕೊಂಡು ಕೊಡ್ತಾರೆ, ರಿಟರ್ನ್ಸ್ ಹಾಕಿ ಲೆಕ್ಕ ಸರಿ ಮಾಡ್ಕೊಳ್ಳಿ, ಬಿಲ್ ಮಾತ್ರ ನಂಬರ್ ಹಾಕಿ ಜೋಪಾನವಾಗಿ ಇಟ್ಕೊಳ್ಳಿ.

ಬೋರ್ಡಲ್ಲಿ ಶೇ. 60 ಕನ್ನಡ ಇರ್ಬೇಕು ಅಂತ 2024ರಲ್ಲಿ ಕಾನೂನು ತಿದ್ದುಪಡಿ ಬಂದಮೇಲೆ ಒಂದಷ್ಟು ಅಂಗಡಿ, ಕೆಫೆಯವರು ಇಂಗ್ಲಿಷ್ ಲೋಗೋ ಹಿಡ್ಕೊಂಡು ಬಂದು ಇದಕ್ಕೆ ಜೋಡಿ ಕನ್ನಡದಲ್ಲಿ ಬರೆದುಕೊಡಿ ಅಂದ್ರು. ಒಳ್ಳೇ ಕೆಲಸ ಅದು. ಒಂದೇ ಎಚ್ಚರಿಕೆ, ಇಂಗ್ಲಿಷ್ ಅಕ್ಷರದ ತುಂಡುಗಳನ್ನ ಕತ್ತರಿಸಿ ಕನ್ನಡ ಅಕ್ಷರ ಕಟ್ಟೋಕೆ ಹೋಗ್ಬೇಡಿ, ದಪ್ಪ, ಅಂತರ, ಮೂಲೆಗಳ ಗುಂಡಗು ಇಷ್ಟನ್ನ ಹೊಂದಿಸಿದ್ರೆ ಸಾಕು.

ಫಾಂಟ್ ಮಾರೋದಾ, ಫ್ರೀ ಬಿಡೋದಾ? ಫ್ರೀ ಬಿಡೋದಾದ್ರೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಹಾಕಿ, ಯಾರು ಬೇಕಾದ್ರೂ ಬಳಸ್ಬಹುದು, ತಿದ್ದಬಹುದು, ಫಾಂಟನ್ನೇ ಬಿಡಿಯಾಗಿ ಮಾರೋ ಹಾಗಿಲ್ಲ. ಇದು ನಿಮಗೂ ಅನ್ವಯ: ಆ ಲೈಸೆನ್ಸಲ್ಲಿರೋ ಫಾಂಟ್ ತಗೊಂಡು ಅಂಚು ತಿದ್ದಿ ನಿಮ್ಮ ಹೆಸರಲ್ಲಿ ಮಾರಿದ್ರೆ ಅದು ಕಳ್ಳತನವೇ, ತಿದ್ದಿದ್ದೂ ಅದೇ ಲೈಸೆನ್ಸಲ್ಲೇ ಇರ್ಬೇಕು. ನಾನು ಒಂದು ಫಾಂಟನ್ನ ಫ್ರೀ ಬಿಟ್ಟೆ, ಅದನ್ನ ನೋಡಿ ಬಂದವರು ಕೊಟ್ಟ ಲೆಟರಿಂಗ್ ಕೆಲಸ, ಮಾರಿದ ಇನ್ನೊಂದು ಫಾಂಟಿನ ದುಡ್ಡಿಗಿಂತ ಜಾಸ್ತಿ ಬಂತು. ಎಲ್ಲರಿಗೂ ಹಂಗೇ ಆಗುತ್ತೆ ಅಂತ ಹೇಳಲ್ಲ.

ಬಿಡುಗಡೆ ಮಾಡೋವಾಗ ವರ್ಷನ್ ನಂಬರ್ ಹಾಕೋದು ಮರೀಬೇಡಿ, 1.000 ಅಂತ ಶುರು ಮಾಡಿ, ಏನೇನು ಬದಲಾಯಿಸಿದ್ರಿ ಅಂತ ಒಂದು ಟೆಕ್ಸ್ಟ್ ಫೈಲಲ್ಲಿ ಬರೆದಿಡಿ, ತಪ್ಪು ಕಂಡ್ರೆ ತಿಳಿಸೋಕೆ ಒಂದು ಇಮೇಲ್ ಕೊಡಿ. ತಿಳಿಸ್ತಾರೆ, ಖಂಡಿತಾ ತಿಳಿಸ್ತಾರೆ. ಆಗಸ್ಟ್ 15ರ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಒಂದು ಸ್ಕೂಲ್ ಮೇಷ್ಟ್ರು ಫ್ಲೆಕ್ಸ್ ಫೋಟೋ ಕಳ್ಸಿದ್ರು, ದೊಡ್ಡದಾಗಿ ನನ್ನ ಫಾಂಟಲ್ಲೇ ‘ಸ್ವಾತಂತ್ರ್ಯ ದಿನಾಚರಣೆ’, ತ ಕೆಳಗೆ ರ ಒತ್ತು, ಅದರ ಮೇಲೇ ಹತ್ತಿಕೊಂಡು ಯ ಒತ್ತು, ಎರಡೂ ಸೇರಿ ಒಂದು ಕಪ್ಪು ಮುದ್ದೆ. ಕೆಳಗೆ ಒತ್ತಿಗೆ ಜಾಗ ಬಿಟ್ಟಿದ್ದೆ, ಆದರೆ ಮೂರು ವ್ಯಂಜನ ಸೇರಿದಾಗ ಯ ಒತ್ತು ಬಲಕ್ಕೆ ಸರೀಬೇಕು ಅನ್ನೋ ನಿಯಮ ಬರೆದೇ ಇರ್ಲಿಲ್ಲ. ರಾತ್ರೀನೇ ಕೂತು 60 ಯೂನಿಟ್ ಬಲಕ್ಕೆ ತಳ್ಳಿ 1.001 ಅಂತ ಕಳ್ಸಿದೆ. ಫ್ಲೆಕ್ಸ್ ಅಷ್ಟರಲ್ಲಿ ಕಟ್ಟಿ ಆಗಿತ್ತಂತೆ.